ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಕಡೆ ಎತ್ತರ?

ಪಿಯುಸಿ ಭೂಗೋಳದ ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕನಾಗಿ ಹೋದಲ್ಲೆಲ್ಲ ನಾನು ಒಂದು ಕೆಲಸ ಮಾಡುತ್ತೇನೆ. ಟೋಪೋಶೀಟ್ (ನೆಲದ ಏರುತಗ್ಗು ತೋರಿಸುವ ಸರ್ವೆ ನಕ್ಷೆ) ಹಾಸಿ, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು ಮೊನಚಾಗಿ ಬಾಗಿರುವ ಒಂದು ಜಾಗಕ್ಕೆ ಪೆನ್ಸಿಲ್ ಇಟ್ಟು "ಇದೇನು?" ಅಂತ ಕೇಳುತ್ತೇನೆ. "ಕಣಿವೆ ಸಾರ್" ಅಂತ ಥಟ್ಟನೆ ಉತ್ತರ ಬರುತ್ತದೆ. ಆಮೇಲೆ ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿ, ಅದೇ ಜಾಗಕ್ಕೆ ಪೆನ್ಸಿಲ್ ಇಟ್ಟು ಮತ್ತೆ ಕೇಳುತ್ತೇನೆ. ಮಗು ಒಂದು ಕ್ಷಣ ನೋಡಿ "ಸ್ಪರ್ ಸಾರ್" ಅನ್ನುತ್ತದೆ, ಅಂದರೆ ಬೆಟ್ಟದಿಂದ ಹೊರಕ್ಕೆ ಚಾಚಿದ ಏಣು.

ಹಾಳೆ ತಿರುಗಿಸಿದರೆ ಕಣಿವೆ ಏಣಾಗಿಬಿಡುತ್ತದೆಯೇ? ನೆಲ ಅಲ್ಲೇ ಇದೆಯಲ್ಲ!

ಇದು ಮಕ್ಕಳ ತಪ್ಪಲ್ಲ. ಅವರ ರೆಕಾರ್ಡ್ ಪುಸ್ತಕ ತೆಗೆದು ನೋಡಿದರೆ ಅಂದವಾಗಿ ಬರೆದಿರುತ್ತದೆ: ‘ವಿ’ ಆಕಾರ ಬಂದರೆ ಕಣಿವೆ, ತಲೆಕೆಳಗಾದ ‘ವಿ’ ಬಂದರೆ ಸ್ಪರ್. ಬೋರ್ಡಿನ ಮೇಲೆ ಯಾರೋ ಒಮ್ಮೆ ಬರೆದ ಚಿತ್ರ ಅದು. ಆ ಚಿತ್ರದಲ್ಲಿ ಬೆಟ್ಟ ಯಾವ ಕಡೆ ಇತ್ತು ಅನ್ನುವುದು ಅಳಿಸಿಹೋಗಿ, ಬರೀ ಇಂಗ್ಲಿಷ್ ಅಕ್ಷರದ ಆಕಾರ ಉಳಿದುಕೊಂಡಿದೆ. ವರ್ಷ ವರ್ಷ ಇದನ್ನೇ ನೋಡಿ ನೋಡಿ ಸಾಕಾಗಿ ಇವತ್ತು ಬರೆಯಲು ಕೂತಿದ್ದೇನೆ.

ಬಣ್ಣಗಳ ಅರ್ಥ, ಗ್ರಿಡ್ ಹಿಡಿದು ಆರು ಅಂಕಿಯ ಸ್ಥಾನ ಹೇಳುವುದು, ಪ್ರಮಾಣ, ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಮಕ್ಕಳೂ ಅದರಲ್ಲಿ ಅಷ್ಟಾಗಿ ತಪ್ಪುವುದಿಲ್ಲ. ಗೆರೆಗಳು ಒತ್ತೊತ್ತಾಗಿದ್ದರೆ ಅದು ಕಡಿದಾದ ಇಳಿಜಾರು, ಎತ್ತರದ ಜಾಗ ಅಂತಲ್ಲ, ಇಷ್ಟು ಹೇಳಿದರೆ ಅದೂ ಸರಿಹೋಗುತ್ತದೆ. ಸರಿಹೋಗದೆ ಉಳಿಯುವುದು ಒಂದೇ. ಯಾವ ಕಡೆ ಎತ್ತರ, ಯಾವ ಕಡೆ ತಗ್ಗು ಅಂತ ಕೇಳದೆಯೇ ಆಕಾರಕ್ಕೆ ಹೆಸರು ಇಟ್ಟುಬಿಡುವುದು.

ನಂದಿಬೆಟ್ಟವನ್ನೇ ತೆಗೆದುಕೊಳ್ಳಿ. ಹಳೆಯ ಸಂಖ್ಯೆಯಲ್ಲಿ 57 ಜಿ/11 ಹಾಳೆ, ಪ್ರಮಾಣ 1:50,000, ಬೆಟ್ಟದ ನೆತ್ತಿ 1,478 ಮೀಟರ್. ಈ ಬೆಟ್ಟಸಾಲಿನಿಂದ ಅರ್ಕಾವತಿ ದಕ್ಷಿಣದ ಕಡೆಗೆ ಹೊರಡುತ್ತದೆ. ಇದೇ ಸಾಲಿನ ಚನ್ನಕೇಶವ ಬೆಟ್ಟದ ಕಡೆಯಿಂದ ಉತ್ತರ ಪಿನಾಕಿನಿ ಗೌರಿಬಿದನೂರಿನ ದಿಕ್ಕಿಗೆ, ಅಂದರೆ ಉತ್ತರಕ್ಕೆ ಹೋಗುತ್ತದೆ. ಈಗ ಕಾಂಟೂರ್ ನೋಡಿ. ಹಳ್ಳವನ್ನು ದಾಟುವಾಗ ಕಾಂಟೂರ್ ಗೆರೆ ಯಾವಾಗಲೂ ನೀರು ಬರುವ ಕಡೆಗೆ, ಅಂದರೆ ಎತ್ತರದ ಕಡೆಗೆ ಮೊನೆ ಚಾಚುತ್ತದೆ. ಯಾಕೆ? ಗೆರೆಯ ಮೇಲೆ ಎಲ್ಲೆಡೆ ಒಂದೇ ಎತ್ತರ ಇರಬೇಕು ತಾನೆ? ಹಳ್ಳದ ತಳ ಅಕ್ಕಪಕ್ಕದ ನೆಲಕ್ಕಿಂತ ತಗ್ಗು. ಅದೇ ಎತ್ತರ ಹಳ್ಳದ ತಳದಲ್ಲಿ ಸಿಗಬೇಕಾದರೆ ಗೆರೆ ಸ್ವಲ್ಪ ಮೇಲಕ್ಕೆ ನಡೆದುಹೋಗಲೇಬೇಕು. ಅಷ್ಟೇ ವಿಷಯ.

ಹಾಗಾಗಿ ಬೆಟ್ಟದ ಉತ್ತರ ಮಗ್ಗುಲಿನ ಹಳ್ಳಗಳಲ್ಲಿ ಮೊನೆ ದಕ್ಷಿಣಕ್ಕಿರುತ್ತದೆ. ಹಾಳೆಯ ಮೇಲೆ ಅದು ನೆಟ್ಟಗಿನ ‘ವಿ’ ಥರ ಕಾಣುತ್ತದೆ. ದಕ್ಷಿಣ ಮಗ್ಗುಲಿನ ಹಳ್ಳಗಳಲ್ಲಿ ಮೊನೆ ಉತ್ತರಕ್ಕೆ, ಅದು ತಲೆಕೆಳಗಾದ ‘ವಿ’. ಪೂರ್ವಕ್ಕೆ ಹರಿಯುವ ಹಳ್ಳದಲ್ಲಿ ‘ವಿ’ ಅಡ್ಡ ಮಲಗಿರುತ್ತದೆ. ಎಲ್ಲವೂ ಕಣಿವೆಗಳೇ! ರೆಕಾರ್ಡಿನ ಸೂತ್ರ ಹಿಡಿದುಕೊಂಡು ಹೋದ ಮಗು ಒಂದೇ ಬೆಟ್ಟದ ಅರ್ಧ ಕಣಿವೆಗಳನ್ನು ಏಣು ಅಂತ ಬರೆದು ಬರುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಅಂಕಿ ಹುಡುಕಿ. 1:50,000 ಹಾಳೆಯಲ್ಲಿ ಸಾಮಾನ್ಯವಾಗಿ ಗೆರೆಯಿಂದ ಗೆರೆಗೆ 20 ಮೀಟರ್ ವ್ಯತ್ಯಾಸ ಇರುತ್ತದೆ, ಪ್ರತಿ ಐದನೇ ಗೆರೆ ದಪ್ಪ. (ಸಾಮಾನ್ಯವಾಗಿ ಅಂದೆ, ಹಾಳೆಯ ಅಂಚಿನಲ್ಲಿ ಬರೆದಿರುವುದನ್ನು ನೋಡಿಯೇ ಲೆಕ್ಕ ಹಾಕಿ.) ಎರಡು ದಪ್ಪ ಗೆರೆಗಳ ಅಂಕಿ ಸಿಕ್ಕರೆ ಯಾವ ಕಡೆ ಎತ್ತರ ಅನ್ನುವುದು ತೀರ್ಮಾನ ಆಯಿತು. ಆಮೇಲೆ ಮೊನೆ ನೋಡಿ. ಎತ್ತರದ ಕಡೆಗಿದ್ದರೆ ಕಣಿವೆ, ತಗ್ಗಿನ ಕಡೆಗಿದ್ದರೆ ಸ್ಪರ್. ಹಾಳೆಯನ್ನು ಹೇಗಾದರೂ ತಿರುಗಿಸಿಕೊಳ್ಳಿ, ಈ ಉತ್ತರ ಬದಲಾಗುವುದಿಲ್ಲ.

ಇದರ ಜೊತೆಗೇ ಇನ್ನೊಂದು ಭ್ರಮೆ ಅಂಟಿಕೊಂಡಿದೆ. ನಕ್ಷೆಯಲ್ಲಿ ಉತ್ತರ ಮೇಲೆ ಇರುತ್ತದೆ, ಹಾಗಾಗಿ ಉತ್ತರ ಅಂದರೆ ಎತ್ತರ ಅಂತ ಮಕ್ಕಳ ಮನಸ್ಸಿನಲ್ಲಿ ಕೂತುಬಿಟ್ಟಿದೆ. "ಭದ್ರಾ ನದಿ ಉತ್ತರಕ್ಕೆ ಹರಿಯುತ್ತೆ" ಅಂದಾಗ ಒಬ್ಬ ಹುಡುಗ ಎದ್ದು ನಿಂತು "ಮೇಲಕ್ಕೆ ಹೇಗೆ ಹರಿಯುತ್ತೆ ಸಾರ್?" ಅಂತ ಕೇಳಿದ. ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವನೊಬ್ಬ ಕೇಳಿದ, ಉಳಿದವರು ಕೇಳಿರಲಿಲ್ಲ ಅಷ್ಟೇ.

ಮೇಷ್ಟ್ರುಗಳಿಗೆ ನನ್ನ ಸಲಹೆ, ಬೋರ್ಡು ಬಿಟ್ಟು ಒಂದು ಆಲೂಗಡ್ಡೆ ತನ್ನಿ. ದೊಡ್ಡದನ್ನು ಅರ್ಧ ಸೀಳಿ, ಸೀಳಿದ ಭಾಗ ಕೆಳಗೆ ಬರುವಂತೆ ಅಗಲವಾದ ಡಬ್ಬಿಯಲ್ಲಿಡಿ. ನೆತ್ತಿಯಿಂದ ಕೆಳಗಿನವರೆಗೆ ಚಾಕುವಿನಲ್ಲಿ ಒಂದು ಕಾಲುವೆ ಕೆತ್ತಿ, ಅದೇ ಹಳ್ಳ. ಒಂದು ಸೆಂಟಿಮೀಟರ್ ನೀರು ಹಾಕಿ, ನೀರಿನ ಅಂಚು ತಾಗಿದಲ್ಲೆಲ್ಲ ಗುಂಡುಸೂಜಿಯಿಂದ ಗೀರಿ. ಇನ್ನೊಂದು ಸೆಂಟಿಮೀಟರ್ ನೀರು, ಇನ್ನೊಂದು ಗೀರು. ನೆತ್ತಿ ಮುಳುಗುವವರೆಗೂ ಹೀಗೇ ಮಾಡಿ, ಆಲೂಗಡ್ಡೆ ಹೊರಗೆ ತೆಗೆದು ನೆತ್ತಿಯ ಮೇಲಿನಿಂದ ನೋಡಲು ಹೇಳಿ. ಗೀರುಗಳೆಲ್ಲ ಆ ಕಾಲುವೆ ಬಂದಲ್ಲಿ ನೆತ್ತಿಯ ಕಡೆಗೆ ಬಾಗಿರುತ್ತವೆ. ಅದನ್ನು ಮಕ್ಕಳು ತಾವೇ ಕಂಡು "ಓ!" ಅನ್ನುತ್ತಾರಲ್ಲ, ಆ ಒಂದು ಸದ್ದಿಗೋಸ್ಕರ ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಆಮೇಲೆ ಆಲೂಗಡ್ಡೆಯನ್ನು ಸುಮ್ನೆ ಸುತ್ತ ತಿರುಗಿಸಿ ತೋರಿಸಿ. ಕಾಲುವೆ ಕಾಲುವೆಯೇ ಆಗಿರುತ್ತದೆ.

ಹಳ್ಳಿಯ ಮಕ್ಕಳಿಗೆ ಆಲೂಗಡ್ಡೆಯೂ ಬೇಕಾಗಿಲ್ಲ ಅಂತ ಕೋಲಾರದ ಕಡೆಯ ಒಬ್ಬ ಹುಡುಗಿ ನನಗೆ ಕಲಿಸಿಕೊಟ್ಟಳು. ನಾನು ತೋರಿಸಿದ ಜಾಗದಲ್ಲಿ ಅಂಕಿ ಓದಲು ಬರುವಂತಿರಲಿಲ್ಲ, ಹಾಳೆ ಮಡಚಿ ಮಡಚಿ ಅಳಿಸಿಹೋಗಿತ್ತು. ಅವಳು ಸ್ವಲ್ಪ ಹೊತ್ತು ನೋಡಿ, "ಎತ್ತರ ಈ ಕಡೆ ಸಾರ್, ಕೆರೆ ಏರಿ ಆ ಕಡೆ ಐತಲ್ಲ" ಅಂದಳು. ನಾನು ಸುಮ್ಮನಾಗಿಬಿಟ್ಟೆ. ಎಷ್ಟು ಸರಿ ನೋಡಿ. ಕೆರೆಗೆ ಏರಿ ಕಟ್ಟುವುದು ತಗ್ಗಿನ ಕಡೆಗೆ. ನೀರು ಬರುವ ಕಡೆ ಕೆರೆಯ ಅಂಚು ಬೆರಳು ಚಾಚಿದಂತೆ ಹಳ್ಳದೊಳಕ್ಕೆ ಹೋಗಿರುತ್ತದೆ, ಏರಿಯ ಕಡೆ ಹೆಚ್ಚುಕಡಿಮೆ ನೇರ ಗೆರೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಬರುತ್ತದೆ ಅಂತ ಅವಳು ಚಿಕ್ಕಂದಿನಿಂದ ನೋಡಿದ್ದಾಳೆ. ಕೋಲಾರದ ಕಡೆಯ ಹಾಳೆಗಳಲ್ಲಿ ಹೀಗೆ ಕೆರೆಯ ಕೆಳಗೆ ಕೆರೆ ಸರಪಳಿಯಂತೆ ಸಿಗುತ್ತವೆ, ಒಂದೂ ಅಂಕಿ ಇಲ್ಲದೆ ಇಡೀ ಊರಿನ ಇಳಿಜಾರನ್ನು ಓದಬಹುದು. ಅಂದಹಾಗೆ ಏರಿಯ ಪಕ್ಕ 5 ಅಂತ ಬರೆದು ಮುಂದೆ ಇಂಗ್ಲಿಷಿನ ಸಣ್ಣ ‘ಆರ್’ ಅಕ್ಷರ ಇದ್ದರೆ, ಅದು ಪಕ್ಕದ ನೆಲದಿಂದ ಏರಿಯ ಎತ್ತರ. ಸಮುದ್ರಮಟ್ಟದಿಂದ ಅಲ್ಲ.

ಇಂಥ ಮಕ್ಕಳಿಗೆ ಅವರ ಸ್ವಂತ ಊರಿನ ಹಾಳೆ ಕೊಟ್ಟು ಪಾಠ ಶುರುಮಾಡಿದರೆ ಎಷ್ಟು ಚೆನ್ನ ಅಲ್ವಾ? ಐಸಿಎಸ್‌ಇ ಹತ್ತನೇ ತರಗತಿಯಲ್ಲಿ ಬೆಂಗಳೂರಿನ ಮಕ್ಕಳೂ ರಾಜಸ್ಥಾನ-ಗುಜರಾತ್ ಗಡಿಯ 45 ಡಿ/7, 45 ಡಿ/10 ಹಾಳೆಗಳನ್ನು ಓದಿದ್ದಾರೆ. ಒಳ್ಳೆಯ ಹಾಳೆಗಳೇ, ಒಣಹಳ್ಳಗಳನ್ನು ಕಲಿಯಲು ಅದಕ್ಕಿಂತ ಬೇಕಿಲ್ಲ. ಆದರೆ ಒಂದೇ ಹಾಳೆಯನ್ನು ವರ್ಷವಿಡೀ ತಿಕ್ಕಿದರೆ ಮಕ್ಕಳು ನೆಲವನ್ನು ಬಿಟ್ಟು ಹಾಳೆಯನ್ನು ಬಾಯಿಪಾಠ ಮಾಡಿಬಿಡುತ್ತಾರೆ.

ವೈಮಾನಿಕ ಫೋಟೋಗಳಿಗೆ ಬಂದರೆ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಪ್ರಮಾಣದ ಲೆಕ್ಕ ಮಕ್ಕಳು ಚೆನ್ನಾಗಿಯೇ ಮಾಡುತ್ತಾರೆ. 152 ಮಿಲಿಮೀಟರ್ ನಾಭಿದೂರದ ಲೆನ್ಸು, ನೆಲದಿಂದ 3,040 ಮೀಟರ್ ಎತ್ತರ, ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1:20,000. ಆದರೆ ಫೋಟೋದಲ್ಲಿ ಅಂಕಿ ಇಲ್ಲ. ಎತ್ತರ-ತಗ್ಗನ್ನು ನೆರಳೇ ಹೇಳಬೇಕು. ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದ ಬೀಳುವುದು ರೂಢಿ. ಮೋಡವಿಲ್ಲದ ಚಳಿಗಾಲದ ಬೆಳಿಗ್ಗೆ ತೆಗೆದ ಚಿತ್ರದಲ್ಲಿ ಸೂರ್ಯ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ ಬೀಳುತ್ತದೆ. ಉತ್ತರ ಮೇಲೆ ಮಾಡಿ ಹಿಡಿದರೆ ಬೆಳಕು ಕೆಳಗಿನಿಂದ ಬಂದಂತಾಗಿ ಕಣ್ಣು ಮೋಸ ಹೋಗುತ್ತದೆ. ಕಲ್ಲುಕ್ವಾರಿ ಗುಡ್ಡದಂತೆ ಉಬ್ಬುತ್ತದೆ, ಪಶ್ಚಿಮ ಘಟ್ಟದ ಕಣಿವೆ ಏಣಿನಂತೆ ಎದ್ದು ನಿಲ್ಲುತ್ತದೆ. ಒಂದು ತರಬೇತಿಯಲ್ಲಿ ಅನುಭವಿ ಮೇಡಂ ಒಬ್ಬರು ಏಣಿನ ನೆತ್ತಿಯ ಮೇಲೆ ನದಿ ಹರಿಯುತ್ತಿದೆ ಅಂತಲೇ ವಾದಿಸಿದರು. ಅವರ ಕಣ್ಣಿಗೆ ಹಾಗೆಯೇ ಕಾಣುತ್ತಿತ್ತು, ಸುಳ್ಳು ಹೇಳುತ್ತಿರಲಿಲ್ಲ. "ಮೇಡಂ, ಸ್ವಲ್ಪ ತಿರುಗಿಸಿ ನೋಡಿ" ಅಂತ ನೆರಳು ಅವರ ಕಡೆಗೆ ಬೀಳುವಂತೆ ಫೋಟೋ ತಿರುಗಿಸಿದೆ. ನದಿ ಕಣಿವೆಗೆ ಇಳಿಯಿತು.

ಜೋಡಿ ಫೋಟೋಗಳನ್ನು ಉಬ್ಬುತಗ್ಗಾಗಿ ತೋರಿಸುವ ಸ್ಟೀರಿಯೋಸ್ಕೋಪ್ ಇರುವ ಕಾಲೇಜುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಒಂದರ ಮೇಲೊಂದು ಸುಮಾರು 60% ಬರುವಂತೆ ತೆಗೆದ ಜೋಡಿ ಫೋಟೋಗಳಲ್ಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟರೆ ಬೆಟ್ಟವೇ ಗುಂಡಿಯಾಗಿ ಕಾಣುತ್ತದೆ. ಗೊತ್ತಿರುವ ಒಂದು ನೀರಿನ ಜಾಗ ಮೊದಲು ನೋಡಿ, ಅದು ತಗ್ಗಿನಲ್ಲಿ ಕಂಡರೆ ಮಾತ್ರ ಮುಂದುವರಿಯಿರಿ.

ಒಂದು ಮಾತು ಪೋಷಕರಿಗೂ ಹೇಳಬೇಕು. ಮಗ ನಕ್ಷೆ ಓದಲು ಕಲಿತ ಅಂತ ಅಪ್ಪಂದಿರು ಜಮೀನಿನ ತಕರಾರಿಗೆ ಟೋಪೋಶೀಟ್ ಹಿಡಿದುಕೊಂಡು ನನ್ನ ಹತ್ತಿರ ಬಂದದ್ದಿದೆ. ದಯವಿಟ್ಟು ಬೇಡ. ಆ ಹಾಳೆಯಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಹೊಲದ ಬದು ಅದರಲ್ಲಿ ಇರುವುದೇ ಇಲ್ಲ. ಅದಕ್ಕೆ ಭೂಮಾಪನ ಇಲಾಖೆಯ ಗ್ರಾಮನಕ್ಷೆ, ಟಿಪ್ಪಣಿ ಬೇರೆಯೇ ಇವೆ. ಸರ್ವೆ ಮಾಡಿದ ವರ್ಷವನ್ನೂ ನೋಡಿಕೊಳ್ಳಿ, ಹಾಳೆಯಲ್ಲಿ ನೀಲಿಯಾಗಿ ಕಾಣುವ ಕೆರೆ ಈಗ ಬಡಾವಣೆ ಆಗಿರಬಹುದು.

ಮೇಷ್ಟ್ರುಗಳೇ, ಪ್ರಾಯೋಗಿಕ ಪರೀಕ್ಷೆಗೆ ಮೊದಲು ಒಂದು ಪೀರಿಯಡ್ ಇದಕ್ಕೆ ಕೊಡಿ. ಒಂದೇ ಜಾಗ, ಹಾಳೆಯ ನಾಲ್ಕು ದಿಕ್ಕು, ನಾಲ್ಕು ಸಲ ಅದೇ ಪ್ರಶ್ನೆ. ಉತ್ತರ ಹೇಳುವ ಮೊದಲು ಮಗು ಬೆರಳಿಟ್ಟು ಅಂಕಿ ಹುಡುಕುತ್ತದೆಯೋ ಇಲ್ಲವೋ, ಅದನ್ನಷ್ಟೇ ಗಮನಿಸಿ.