ಎರಡನೇ ಜೊತೆ ವೀಲ್‌ಗೆ ಟೈರ್ ಸೆನ್ಸರ್: ಮೊದಲು ಐಡಿ, ಆಮೇಲೆ ಸ್ಪ್ಯಾನರ್

ಮಳೆಗಾಲ ಮುಗೀತಿದ್ದಂಗೆ ಮೈಸೂರಲ್ಲಿ ದೊಡ್ಡ ಬೈಕ್ ಇಟ್ಕೊಂಡಿರೋರು ನಮ್ಮ ಗ್ಯಾರೇಜ್‌ಗೆ ಇನ್ನೊಂದು ಸೆಟ್ ವೀಲ್ ಕಾರಲ್ಲಿ ಹಾಕ್ಕೊಂಡು ಬರೋದು ಜಾಸ್ತಿ ಆಗತ್ತೆ. ಗುಂಡ್ಲುಪೇಟೆ, ಊಟಿ ಕಡೆ ಟಾರ್ ರೋಡ್‌ಗೆ ಒಂದು ಸೆಟ್, ಸಕಲೇಶಪುರ, ಕೊಡಗು ಕಡೆ ಮಣ್ಣು ದಾರಿಗೆ ನಾಬಿ ಟೈರ್ (ದಪ್ಪ ಗುಬ್ಬಿ ಗುಬ್ಬಿ ಇರೋದು) ಹಾಕಿರೋ ಇನ್ನೊಂದು ಸೆಟ್. "ಸೆನ್ಸರ್ ಎರಡು ತರಿಸಿದೀನಿ ಸಾರ್, ಒಳಗೆ ಕೂರ್ಸಿ ಕೊಟ್ಬಿಡಿ ಅಷ್ಟೇ" ಅಂತಾರೆ. ಟೈರಲ್ಲಿ ಗಾಳಿ ಎಷ್ಟಿದೆ ಅಂತ ಗಾಡಿಯ ಡಿಸ್‌ಪ್ಲೇಗೆ ಹೇಳೋ ಸೆನ್ಸರ್ ಇದು. ಕೂರಿಸೋದೇನು ದೊಡ್ಡ ವಿಷ್ಯ ಅಲ್ಲ ಬಿಡಿ, ಆದ್ರೆ ಗಾಡಿಗೆ ಈ ಹೊಸ ಸೆನ್ಸರ್ ಪರಿಚಯವೇ ಇಲ್ದೆ ಡಿಸ್‌ಪ್ಲೇಲಿ ನಂಬರ್ ಬದ್ಲು ಗೆರೆ ತೋರಿಸ್ಕೊಂಡು ವಾರ್ನಿಂಗ್ ಲೈಟ್ ಉರ್ಸತ್ತಲ್ಲ, ತಲೆನೋವು ಶುರು ಆಗೋದೇ ಅಲ್ಲಿ.

ಪ್ರತಿ ಸೆನ್ಸರ್‌ಗೂ ಅದರದ್ದೇ ಒಂದು ಐಡಿ ಇರತ್ತೆ, ಗಾಳಿ ಎಷ್ಟಿದೆ, ಬಿಸಿ ಎಷ್ಟಿದೆ ಅನ್ನೋದರ ಜೊತೆಗೆ ಆ ಐಡಿನೂ ರೇಡಿಯೋದಲ್ಲಿ ಕಳಿಸ್ತಾ ಇರತ್ತೆ. ಸಿಗ್ನಲ್‌ನಲ್ಲಿ ಪಕ್ಕ ನಿಂತಿರೋ ಕಾರಿನ ನಾಲ್ಕು ಸೆನ್ಸರ್ ಕೂಡ ಅದನ್ನೇ ಮಾಡ್ತಿರತ್ತೆ, ಹಂಗಾಗಿ ನಿಮ್ಮ ಗಾಡಿ ತನ್ನ ಮುಂದಿನದೊಂದು ಹಿಂದಿನದೊಂದು ಐಡಿ ಮಾತ್ರ ನೆನಪಿಟ್ಕೊಂಡು ಉಳಿದಿದ್ದಕ್ಕೆಲ್ಲ ಕಿವುಡಾಗಿರತ್ತೆ. ಹೊಸ ವೀಲ್ ಹಾಕಿದ್ರೆ ಅದೂ ಪಕ್ಕದ ಕಾರಿದ್ದಂಗೇ ಲೆಕ್ಕ.

ಇದಕ್ಕೆ ದಾರಿ ಎರಡು. ಒಂದು, ವೀಲ್ ಬದಲಾಯಿಸಿದಾಗಲೆಲ್ಲ ಗಾಡಿ ಕಂಪ್ಯೂಟರ್‌ಗೆ ಕನೆಕ್ಟ್ ಮಾಡೋ ಡಯಾಗ್ನಸ್ಟಿಕ್ ಟೂಲ್ ಹಾಕಿ ಹೊಸ ಐಡಿ ಬರೆಸೋದು. ವರ್ಷಕ್ಕೊಂದ್ಸಲ ಬದಲಾಯಿಸೋರಿಗೆ ಓಕೆ. ಎರಡನೇದು ಕ್ಲೋನಿಂಗ್, ಅಂದ್ರೆ ಪ್ರೋಗ್ರಾಮ್ ಮಾಡೋಕಾಗೋ ಖಾಲಿ ಸೆನ್ಸರ್ ತಗೊಂಡು ಹಳೇ ಸೆನ್ಸರ್ ಐಡಿನೇ ಅದಕ್ಕೆ ಬರೆಯೋದು, ಆಗ ಯಾವ ಸೆಟ್ ಹಾಕಿದ್ರೂ ಗಾಡಿಗೆ ವ್ಯತ್ಯಾಸ ಗೊತ್ತಾಗಲ್ಲ, ಮನೇಲೇ ಸ್ಟ್ಯಾಂಡ್ ಹಾಕಿ ವೀಲ್ ಬದಲಾಯಿಸ್ಕೊಂಡು ಹೊರಡಬೋದು. ನನ್ನ ಕೇಳಿದ್ರೆ ಕ್ಲೋನಿಂಗೇ ವಾಸಿ. ಒಂದೇ ಷರತ್ತು, ಎರಡು ಸೆಟ್ಟೂ ಒಟ್ಟಿಗೆ ಓಡಬಾರದು. ಮನೇಲಿ ಸುಮ್ನೆ ಮಲಗಿರೋ ವೀಲ್‌ನ ಸೆನ್ಸರ್ ಬ್ಯಾಟರಿ ಉಳಿಸೋಕೆ ನಿದ್ದೆ ಮಾಡ್ತಿರತ್ತೆ, ತೊಂದ್ರೆ ಇಲ್ಲ. ಆದ್ರೆ ನಾಬಿ ಸೆಟ್‌ನ ಫ್ರೆಂಡ್ ಜೀಪಲ್ಲಿ ಹಾಕ್ಕೊಂಡು ಬೈಕ್ ಹಿಂದೇನೇ ಬಂದ್ರೆ, ಅಲುಗಾಟಕ್ಕೆ ಎಚ್ಚರ ಆಗಿ ಅದೂ ಅದೇ ಐಡಿಲಿ ಮಾತಾಡೋಕೆ ಶುರು ಮಾಡಬೋದು, ಆಗ ಡಿಸ್‌ಪ್ಲೇಲಿ ಒಂದ್ಸಲ 36 ಪಿಎಸ್‌ಐ ಒಂದ್ಸಲ 25 ಅಂತ ಕುಣೀತಿದ್ರೆ ಸೆನ್ಸರ್ ಕೆಟ್ಟಿದೆ ಅಂತ ಯಾರ ಮೇಲೂ ರೇಗಬೇಡಿ.

ಸೆನ್ಸರ್ ಆರ್ಡರ್ ಮಾಡೋಕೆ ಮುಂಚೆ ಫ್ರೀಕ್ವೆನ್ಸಿ ನೋಡ್ಕೊಳಿ. ನಮ್ಮಲ್ಲಿ, ಯೂರೋಪಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಜ್, ಅಮೆರಿಕದಲ್ಲಿ ತುಂಬಾ ಗಾಡಿಗಳಿಗೆ 315. ಅಲ್ಲಿರೋ ಅಣ್ಣನ ಕೈಲಿ ಆಫರ್‌ನಲ್ಲಿ ತರಿಸ್ಕೊಂಡ ಸೆನ್ಸರ್ 315ರದ್ದಾಗಿದ್ರೆ ಏನ್ ಪ್ರೋಗ್ರಾಮ್ ಮಾಡಿದ್ರೂ ಗಾಡಿಗೆ ಕೇಳಲ್ಲ. ರಿಮ್‌ನ ವಾಲ್ವ್ ತೂತೂ ಅಳತೆ ಮಾಡಿ, ಬೈಕಲ್ಲಿ 8.3 ಮಿಲಿಮೀಟರ್‌ದೂ ಇದೆ 11.3ರದ್ದೂ ಇದೆ. ಇನ್ನು ಬರೀ ರಿಮ್ ತಂದು ಸೆನ್ಸರ್ ಬಗ್ಗೆ ಕೇಳೋರು ಇದಾರೆ, ಅದಕ್ಕೆ ಡಿಸ್ಕ್, ಎಬಿಎಸ್ ರಿಂಗ್, ಬೇರಿಂಗ್, ಸ್ಪೇಸರ್ ಎಲ್ಲ ಆಗಬೇಕು ಅನ್ನೋದು ಆಮೇಲೆ ಗೊತ್ತಾಗತ್ತೆ, ಖರ್ಚು ಅಲ್ಲೇ ಜಾಸ್ತಿ.

ಕೂರಿಸೋ ಮುಂಚೆ ಸೆನ್ಸರ್ ಮೈಮೇಲೆ ಬರೆದಿರೋ ಐಡಿ ಫೋಟೋ ತೆಕ್ಕೊಳಿ, ಮುಂದಿಂದ್ಯಾವ್ದು ಹಿಂದಿಂದ್ಯಾವ್ದು ಅಂತ ಬರೆದಿಡಿ. ಟೈರ್ ಕೂತ ಮೇಲೆ ಅದು ಕಣ್ಣಿಗೆ ಕಾಣಲ್ಲ. ರಿಮ್ ಮೇಲೆ ಸೆನ್ಸರ್ ಇರೋ ಜಾಗಕ್ಕೆ ಒಂದು ಸ್ಟಿಕ್ಕರ್ ಹಾಕಿ, ಯಾಕಂದ್ರೆ ನಾಳೆ ನಂಜನಗೂಡು ರೋಡಲ್ಲಿ ಪಂಕ್ಚರ್ ಆದಾಗ ಅಂಗಡಿ ಹುಡುಗ ಸೀದಾ ವಾಲ್ವ್ ಪಕ್ಕದಲ್ಲೇ ಲಿವರ್ ಹಾಕ್ತಾನೆ, ಪ್ಲಾಸ್ಟಿಕ್ ಮುರಿಯತ್ತೆ. ಪಂಕ್ಚರ್ ಜೆಲ್ ಮಾತ್ರ ದಯವಿಟ್ಟು ಹಾಕಿಸ್ಬೇಡಿ, ಸೆನ್ಸರ್‌ನ ಸಣ್ಣ ತೂತು ಮುಚ್ಕೊಂಡ್ರೆ ಅದು ತೋರ್ಸೋ ನಂಬರ್‌ಗೆ ಅರ್ಥ ಇರಲ್ಲ. ಪಂಕ್ಚರ್ ತೂತಿಗೆ ರಬ್ಬರ್ ಸ್ಟ್ರಿಪ್ ತುರುಕೋ ಕಿಟ್ ಇಟ್ಕೊಳಿ ಸಾಕು. ವಾಲ್ವ್ ಒಳಗಿನ ಪಿನ್ ನಿಕಲ್ ಕೋಟಿಂಗ್‌ದೇ ಇರ್ಲಿ, ಅಲ್ಯೂಮಿನಿಯಂ ವಾಲ್ವ್‌ಗೆ ಮಾಮೂಲಿ ಹಿತ್ತಾಳೆ ಪಿನ್ ಹಾಕಿದ್ರೆ ಮಳೆ ನೀರಿಗೆ ಎರಡೂ ಕಚ್ಕೊಂಡು ಬಿಚ್ಚೋಕೇ ಬರಲ್ಲ. ಅದೇ ಕಾರಣಕ್ಕೆ ಕ್ಯಾಪೂ ಪ್ಲಾಸ್ಟಿಕ್‌ದೇ. ಆಮೇಲೆ ಬ್ಯಾಲೆನ್ಸ್ ಮಾಡಿಸ್ಲೇಬೇಕು, ಸೆನ್ಸರ್ ತೂಕ ಒಂದೇ ಕಡೆ ಕೂತಿರತ್ತೆ.

ಎಲ್ಲ ಆದ್ಮೇಲೆ ಗ್ಯಾರೇಜಲ್ಲಿ ನಿಂತ್ಕೊಂಡು "ನಂಬರ್ ಬರ್ತಿಲ್ಲ" ಅನ್ಬೇಡಿ, ಸುಮಾರು ಸೆನ್ಸರ್‌ಗಳು 30 ಕಿಲೋಮೀಟರ್ ಸ್ಪೀಡ್ ಆಸುಪಾಸು ದಾಟಿದ ಮೇಲೇ ಏಳೋದು, ರಿಂಗ್ ರೋಡಲ್ಲಿ ಒಂದು ರೌಂಡ್ ಹೋಗಿ ಬನ್ನಿ.

ನಂಬರ್ ಬಂದ್ಮೇಲೆ ಇನ್ನೊಂದು ಗಲಾಟೆ ಇದೆ. ಬಿಎಂಡಬ್ಲ್ಯು ಬೈಕಲ್ಲಿ ಡಿಸ್‌ಪ್ಲೇ ತೋರ್ಸೋದು 20 ಡಿಗ್ರಿಗೆ ಲೆಕ್ಕ ಹಾಕಿದ ಪ್ರೆಶರ್, ಬಂಕಿನ ಗೇಜ್ ತೋರ್ಸೋದು ಟೈರಲ್ಲಿ ಆ ಕ್ಷಣ ನಿಜವಾಗ್ಲೂ ಇರೋದು. ಏಪ್ರಿಲ್ ಬಿಸಿಲಲ್ಲಿ ಓಡ್ಸಿ ಟೈರೊಳಗಿನ ಗಾಳಿ 50 ಡಿಗ್ರಿ ಆಗಿದ್ರೆ ಡಿಸ್‌ಪ್ಲೇಲಿ 36 ಇದ್ದಾಗ ಗೇಜಲ್ಲಿ 41 ಹತ್ರ ಬರತ್ತೆ. ಎರಡೂ ಸರಿ. ಆದ್ರೆ ಗೇಜ್ ನಂಬಿ ಬಂಕಲ್ಲಿ 36ಕ್ಕೆ ಇಳಿಸ್ಬಿಟ್ರೆ ಬೆಳಿಗ್ಗೆ ತಣ್ಣಗಾದ ಟೈರಲ್ಲಿ ಗಾಳಿ ಕಮ್ಮಿ ಆಗಿ ಕೂತಿರತ್ತೆ, ಹಂಗಾಗಿ ಗೇಜಲ್ಲಿ ನೋಡೋದಾದ್ರೆ ಗಾಡಿ ಹೊರಡೋ ಮುಂಚೆ ನೋಡಿ. ಮಣ್ಣಲ್ಲಿ ಬೇಕಂತಲೇ ಗಾಳಿ ಇಳಿಸಿದಾಗ ವಾರ್ನಿಂಗ್ ಬಂದೇ ಬರತ್ತೆ, ಅದರ ಕೆಲಸ ಅದು ಮಾಡ್ತಿದೆ.

ಟ್ಯೂಬ್ ಟೈರ್ ಇರೋ ಸ್ಪೋಕ್ ವೀಲ್‌ಗೆ ಈ ಒಳಗಿನ ಸೆನ್ಸರ್ ಆಗಲ್ಲ, ಗಾಳಿ ಇರೋದು ಟ್ಯೂಬ್ ಒಳಗೆ. ಅಂಥೋರಿಗೆ ವಾಲ್ವ್ ತುದಿಗೆ ತಿರುಗಿಸೋ ಕ್ಯಾಪ್ ಸೆನ್ಸರ್ ಇದೆ, ಅಗ್ಗ, ಬ್ಯಾಟರಿನೂ ನಾವೇ ಬದಲಾಯಿಸ್ಬೋದು, ಒಂದು ಸೆಟ್‌ನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕ್ಕೊಂಡ್ರೆ ಐಡಿ ತಲೆನೋವೂ ಇಲ್ಲ, ಮುಂದಿಂದು ಹಿಂದಕ್ಕೆ ಹೋಗದಂಗೆ ನೋಡ್ಕೊಂಡ್ರಾಯ್ತು. ಈ ಕ್ಯಾಪ್ ಸೆನ್ಸರ್‌ನ ಟ್ಯೂಬ್‌ಲೆಸ್‌ಗೆ ಹಾಕೋದಾದ್ರೆ, ರಬ್ಬರ್ ವಾಲ್ವ್ ಇದ್ರೆ ಮೊದಲು ಮೆಟಲ್ ವಾಲ್ವ್‌ಗೆ ಬದಲಾಯಿಸಿ, ಸ್ಪೀಡಲ್ಲಿ ಆ ತೂಕ ಹೊರಗೆಳೆದು ರಬ್ಬರ್ ಬುಡದಲ್ಲೇ ಬಿರುಕು ಬಿಡತ್ತೆ. ಮತ್ತೆ ಇದು ವಾಲ್ವ್ ಪಿನ್ ಒತ್ತಿ ಹಿಡ್ಕೊಂಡೇ ಇರೋದ್ರಿಂದ ಸೆನ್ಸರ್ ಲೀಕ್ ಆದ್ರೆ ಟೈರೇ ಲೀಕ್, ಹಾಕಿದ ತಕ್ಷಣ ಸೋಪ್ ನೀರು ಹಚ್ಚಿ ನೋಡಿ, ಗುಳ್ಳೆ ಬಂದ್ರೆ ಒಳಗಿನ ರಬ್ಬರ್ ರಿಂಗ್ ಬದಲಾಯಿಸಿ.