ದಾನಿಗೆ ಹಿಂದೊಮ್ಮೆ ಹೆಪಟೈಟಿಸ್ ಬಿ ಬಂದಿದ್ದರೆ ಕಿಡ್ನಿ ಕಸಿ ಕೈಬಿಡಬೇಕೇ?

ಮಗನಿಗೆ ಕಿಡ್ನಿ ಕೊಡಲು ಸಿದ್ಧರಾದ ತಾಯಿಯ ರಕ್ತದ ವರದಿಯಲ್ಲಿ ‘ಹೆಪಟೈಟಿಸ್ ಬಿ ಕೋರ್ ಆಂಟಿಬಾಡಿ ಪಾಸಿಟಿವ್’ (ವೈರಸ್‌ನ ಒಳಭಾಗದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಇದೆ) ಎಂಬ ಸಾಲು ಕಂಡರೆ ಇಡೀ ಕುಟುಂಬ ಕಂಗಾಲಾಗುತ್ತದೆ. ‘ಅಮ್ಮನಿಗೆ ಯಾವತ್ತೂ ಕಾಮಾಲೆಯೇ ಬಂದಿಲ್ಲವಲ್ಲ ಡಾಕ್ಟರೇ’ ಎನ್ನುತ್ತಾರೆ. ಬಾರದೆಯೂ ಇರಬಹುದು. ಯಕೃತ್ತಿಗೆ ತಗಲುವ ಈ ವೈರಸ್ ಸೋಂಕು ಎಷ್ಟೋ ಜನರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಬಂದು ಹೋಗುತ್ತದೆ. ವಯಸ್ಕರಾದ ಮೇಲೆ ಸೋಂಕು ತಗುಲಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ತಾವಾಗಿಯೇ ಗುಣವಾಗುತ್ತಾರೆ.

ಆ ಒಂದು ಸಾಲನ್ನಷ್ಟೇ ಓದಿ ದಾನಿಯನ್ನು ಮನೆಗೆ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಅದರ ಜೊತೆಗೆ ಸರ್ಫೇಸ್ ಆಂಟಿಜೆನ್ (ವೈರಸ್‌ನ ಹೊರಕವಚದ ಪ್ರೋಟೀನ್) ಪರೀಕ್ಷೆಯನ್ನು ನೋಡಬೇಕು. ಅದು ಪಾಸಿಟಿವ್ ಆಗಿದ್ದರೆ ವೈರಸ್ ಈಗಲೂ ದೇಹದಲ್ಲಿ ಸಕ್ರಿಯವಾಗಿದೆ. ಆ ದಾನಿಯ ವಿಚಾರವೇ ಬೇರೆ. ಅದು ನೆಗೆಟಿವ್ ಇದ್ದು ಕೋರ್ ಆಂಟಿಬಾಡಿ ಮಾತ್ರ ಪಾಸಿಟಿವ್ ಬಂದರೆ, ಬಹುತೇಕ ಅದು ಮುಗಿದುಹೋದ ಸೋಂಕಿನ ಗುರುತು. ಖಚಿತಪಡಿಸಿಕೊಳ್ಳಲು ರಕ್ತದಲ್ಲಿ ವೈರಸ್‌ನ ಡಿಎನ್‌ಎ ಇದೆಯೇ ಎಂದು ಹುಡುಕುತ್ತೇವೆ. ಸೋಂಕು ಇತ್ತೀಚಿನದೇ ಎಂಬುದನ್ನು ಐಜಿಎಂ ಮಾದರಿಯ ಆಂಟಿಬಾಡಿ ತಿಳಿಸುತ್ತದೆ.

ಗುಣವಾದ ಮೇಲೂ ವೈರಸ್‌ನ ಅಂಶ ಯಕೃತ್ತಿನ ಜೀವಕೋಶಗಳ ಒಳಗೆ ಉಳಿದಿರುತ್ತದೆ ಎಂಬುದು ನಿಜ. ಇಂಥ ದಾನಿಯ ಯಕೃತ್ತನ್ನು ಪಡೆದವರಿಗೆ ಔಷಧದ ರಕ್ಷಣೆ ಇಲ್ಲದಿದ್ದರೆ ಅಪಾಯ ದೊಡ್ಡದು. ಆದರೆ ಕಿಡ್ನಿ ಆ ವೈರಸ್‌ನ ನೆಲೆಯಲ್ಲ. ವೈದ್ಯಕೀಯ ವರದಿಗಳಲ್ಲಿ ದಾಖಲಾಗಿರುವ ಇಂತಹ ಸಾವಿರಕ್ಕೂ ಹೆಚ್ಚು ಕಿಡ್ನಿ ಕಸಿಗಳನ್ನು ಒಟ್ಟಾಗಿ ನೋಡಿದಾಗ, ಸಕ್ರಿಯ ಸೋಂಕು ಅಂಟಿದ್ದು ಶೇ 1ಕ್ಕಿಂತ ಕಡಿಮೆ ಮಂದಿಗೆ. ವರ್ಷಗಟ್ಟಲೆ ಡಯಾಲಿಸಿಸ್ ಮೇಲೆಯೇ ಇರುವುದು ಅದಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿ.

ಆ ಸಣ್ಣ ಅಪಾಯವನ್ನೂ ತಗ್ಗಿಸುವ ದಾರಿ ಕಿಡ್ನಿ ಪಡೆಯುವವರ ಕೈಯಲ್ಲೇ ಇದೆ: ಹೆಪಟೈಟಿಸ್ ಬಿ ಲಸಿಕೆ. ನಮ್ಮಲ್ಲಿ ಅತಿ ಹೆಚ್ಚು ಅಸಡ್ಡೆಗೆ ಗುರಿಯಾಗಿರುವುದೂ ಇದೇ. ಕಿಡ್ನಿ ಸೋತವರ ದೇಹ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಾಗಾಗಿ ಡಯಾಲಿಸಿಸ್ ರೋಗಿಗಳಿಗೆ ಸಾಮಾನ್ಯವಾಗಿ ಎರಡು ಪಟ್ಟು ಪ್ರಮಾಣ, ಅಂದರೆ 40 ಮೈಕ್ರೋಗ್ರಾಂ, ನಾಲ್ಕು ಸಲ ಕೊಡುತ್ತೇವೆ: ಮೊದಲ ಚುಚ್ಚುಮದ್ದಿನ ನಂತರ 1, 2 ಮತ್ತು 6ನೇ ತಿಂಗಳಲ್ಲಿ. ಪೃಷ್ಠಕ್ಕಲ್ಲ, ತೋಳಿಗೆ, ಅದೂ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ) ಇಲ್ಲದ ತೋಳಿಗೆ. ಕಿಡ್ನಿ ಕೆಲಸ ಕುಂದುತ್ತಿದೆ ಎಂದು ಗೊತ್ತಾದಾಗಲೇ, ಡಯಾಲಿಸಿಸ್ ಶುರುವಾಗುವ ಮೊದಲೇ, ಹಾಕಿಸಿಕೊಂಡರೆ ಫಲ ಇನ್ನೂ ಚೆನ್ನ.

ಲಸಿಕೆ ಮುಗಿದ ಒಂದೆರಡು ತಿಂಗಳಿಗೆ ರಕ್ಷಕ ಆಂಟಿಬಾಡಿಯ ಮಟ್ಟ ಅಳೆಯಬೇಕು. ಅದು (mIU/mL ಲೆಕ್ಕದಲ್ಲಿ) 10ಕ್ಕಿಂತ ಕಡಿಮೆಯಿದ್ದರೆ ರಕ್ಷಣೆ ಇಲ್ಲವೆಂದೇ ಲೆಕ್ಕ; 100 ದಾಟಿದ್ದರೆ ಕಸಿ ತಂಡಕ್ಕೆ ನೆಮ್ಮದಿ. ಡಯಾಲಿಸಿಸ್‌ನಲ್ಲಿ ಇರುವವರಲ್ಲಿ ಈ ಮಟ್ಟ ಕ್ರಮೇಣ ಇಳಿಯುವುದರಿಂದ ವರ್ಷಕ್ಕೊಮ್ಮೆ ಪರೀಕ್ಷಿಸಿ, ಬೇಕಾದರೆ ಬೂಸ್ಟರ್ ಹಾಕಿಸಬೇಕು. ‘ಲಸಿಕೆ ಆಗಿದೆ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಅಂಕಿ ಫೈಲಿನಲ್ಲಿ ಇರಬೇಕು.

ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ ಕಾಯುತ್ತಿರುವವರಿಗಂತೂ ಇದು ಇನ್ನಷ್ಟು ಮುಖ್ಯ. ತಾಯಿ ದಾನಿಯಾದರೆ ಲಸಿಕೆ ಫಲಿಸುವವರೆಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದು. ಮಿದುಳು ನಿಷ್ಕ್ರಿಯಗೊಂಡ ದಾನಿಯ ಕಿಡ್ನಿ ಸಿಕ್ಕಿದೆ ಎಂದು ನಡುರಾತ್ರಿ ಕರೆ ಬಂದಾಗ ಕೆಲವೇ ಗಂಟೆಗಳಲ್ಲಿ ಹೂಂ ಅಥವಾ ಉಹೂಂ ಎನ್ನಬೇಕಾಗುತ್ತದೆ. ರಕ್ಷಣೆ ಸಾಲದವರಿಗೂ ಬಾಗಿಲು ಮುಚ್ಚಿಲ್ಲ. ಅಪಾಯವನ್ನು ವಿವರಿಸಿ, ಲಿಖಿತ ಒಪ್ಪಿಗೆ ಪಡೆದು, ವರ್ಷದವರೆಗೆ ವೈರಸ್ ತಡೆಯುವ ಮಾತ್ರೆ ಕೊಡಬಹುದು. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸಬಾರದು.

ಇಷ್ಟೆಲ್ಲದರ ನಡುವೆ ದಾನಿಯ ಆರೋಗ್ಯವನ್ನು ಮರೆಯುವಂತಿಲ್ಲ. ಅವರ ಯಕೃತ್ತು ಚೆನ್ನಾಗಿದೆಯೇ ಎಂದು ಮೊದಲೇ ನೋಡಬೇಕು. ಮುಂದೆಂದಾದರೂ ಕ್ಯಾನ್ಸರ್ ಅಥವಾ ಸಂಧಿವಾತಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್‌ನಂತಹ ಔಷಧ ಪಡೆಯಬೇಕಾಗಿ ಬಂದರೆ ಮಲಗಿದ್ದ ವೈರಸ್ ಮತ್ತೆ ಏಳಬಹುದು. ಅದನ್ನು ತಡೆಯಲು ಮಾತ್ರೆಗಳಿವೆ, ಆದರೆ ಚಿಕಿತ್ಸೆ ಕೊಡುವ ವೈದ್ಯರಿಗೆ ವಿಷಯ ಗೊತ್ತಿರಬೇಕು. ಅದಕ್ಕಾಗಿ ದಾನಿಯ ಡಿಸ್ಚಾರ್ಜ್ ಚೀಟಿಯಲ್ಲೂ ಕೋರ್ ಆಂಟಿಬಾಡಿಯ ಫಲಿತಾಂಶವನ್ನು ಬರೆಯಿಸಿ, ಮನೆಯಲ್ಲಿ ಇನ್ನೊಬ್ಬರಿಗೂ ತಿಳಿಸಿಡಿ.