ಗಂಡು ಮಂಗಟ್ಟೆ ಸತ್ತರೆ ಪೊಟರೆಯೊಳಗಿನ ಹೆಣ್ಣಿನ ಗತಿ ಏನು?

ಪ್ರಶ್ನೆ: ನಮ್ಮ ತೋಟದ ಮರದ ಪೊಟರೆಯಲ್ಲಿ ಮಂಗಟ್ಟೆ ಗೂಡು ಮಾಡಿದೆ. ಗಂಡು ಹಕ್ಕಿ ಹೆಣ್ಣನ್ನು ಒಳಗೆ ಕೂರಿಸಿ ಬಾಗಿಲು ಮೆತ್ತಿಬಿಡುತ್ತದಂತೆ. ಗಂಡು ಸತ್ತರೆ ತಾಯಿ, ಮರಿ ಎಲ್ಲ ಒಳಗೇ ಸಾಯುತ್ತವಂತೆ. ನಿಜವಾ? ಎರಡು ದಿನದಿಂದ ಗಂಡು ಕಾಣಿಸಿಲ್ಲ. ಏಣಿ ಹಾಕಿ ಬಾಗಿಲು ಒಡೆಯಬೇಕಾ?
– ವಿರಾಜಪೇಟೆ ಕಡೆಯ ಓದುಗರು

ಮೊದಲು ಏಣಿ ಇಳಿಸಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಮಂಗಟ್ಟೆಗಳು ಗೂಡು ಸೇರುವ ಕಾಲವೂ ಅದೇ, ಜನವರಿಯಿಂದ ಮೇವರೆಗೆ. ವಾಟ್ಸಾಪ್‌ನ ಕಥೆ ಎಲ್ಲರಿಗೂ ಬಂದಿರುತ್ತದೆ: ಗಂಡ ಬರಲಿಲ್ಲ ಅಂತ ಹೆಂಡತಿ ಮಕ್ಕಳ ಜೊತೆ ಉಪವಾಸ ಬಿದ್ದು ಪ್ರಾಣ ಬಿಟ್ಟಳು, ಕೊನೆಗೆ ಕೈಮುಗಿದ ಚಿತ್ರ. ಕಥೆ ಮೊದಲ ಸಾಲಿನಲ್ಲೇ ಎಡವುತ್ತದೆ. ಬಾಗಿಲು ಮೆತ್ತುವುದು ಮುಖ್ಯವಾಗಿ ಹೆಣ್ಣು. ಅದೂ ಒಳಗಡೆಯಿಂದ.

ಮಂಗಟ್ಟೆ ಅಂದರೆ ಹಾರ್ನ್‌ಬಿಲ್. ನಮ್ಮ ತೋಟಗಳಲ್ಲಿ ಜಾಸ್ತಿ ಕಾಣುವುದು ಮಲಬಾರ್ ಬೂದು ಮಂಗಟ್ಟೆ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಯಾರೋ ನಮ್ಮನ್ನೇ ನೋಡಿ ಗಹಗಹಿಸಿದ ಹಾಗೆ ಕೂಗುತ್ತದೆ. ಹೊಸಬರು ತೋಟದಲ್ಲಿ ಒಬ್ಬರೇ ಇದ್ದರೆ ಬೆಚ್ಚಿಬೀಳುತ್ತಾರೆ. ಕೊಕ್ಕಿನ ಮೇಲೆ ಹಳದಿ ಶಿರಸ್ತ್ರಾಣ ಹೊತ್ತ, ರೆಕ್ಕೆ ಬಡಿದರೆ ಉಸ್ ಉಸ್ ಅಂತ ಸದ್ದು ಬರುವ ದೊಡ್ಡ ಹಕ್ಕಿ ದಾಸ ಮಂಗಟ್ಟೆ. ಅದನ್ನು ನೋಡಬೇಕಾದರೆ ಬ್ರಹ್ಮಗಿರಿ, ಮಾಕುಟ್ಟದಂಥ ದಟ್ಟ ಕಾಡಿನ ಕಡೆ ಹೋಗಬೇಕು.

ಗೂಡಿನ ವಿಷಯದಲ್ಲಿ ಎರಡರ ಪದ್ಧತಿಯೂ ಹೆಚ್ಚುಕಡಿಮೆ ಒಂದೇ. ಹೆಣ್ಣು ಪೊಟರೆಯೊಳಗೆ ಹೋಗಿ ಕೂರುತ್ತದೆ. ತನ್ನದೇ ಹಿಕ್ಕೆ, ತಿಂದು ಉಳಿದ ಹಣ್ಣಿನ ಜಿಗುಟು, ಮರದ ಪುಡಿ, ಇವನ್ನೆಲ್ಲ ಕೊಕ್ಕಿನ ಪಕ್ಕದಿಂದ ತಟ್ಟಿ ತಟ್ಟಿ ಬಾಯಿ ಮುಚ್ಚುತ್ತದೆ. ಕೆಲವು ದಿನಗಳ ಕೆಲಸ. ಒಣಗಿದ ಮೇಲೆ ಸಗಣಿ ಸಾರಿಸಿದ ಗೋಡೆಯಂತೆ ಗಟ್ಟಿ. ಕೊಕ್ಕಿನ ತುದಿ ತೂರುವಷ್ಟು ಒಂದು ಉದ್ದ ಸೀಳು ಮಾತ್ರ ಉಳಿಯುತ್ತದೆ.

ಕಕ್ಕಬ್ಬೆ ಹತ್ತಿರದ ಮಾವನ ತೋಟದಲ್ಲಿ ಒಂದು ಹಳೇ ತಾರೆ ಮರವಿದೆ. ಮಾರ್ಚಿನ ಒಂದು ಬೆಳಿಗ್ಗೆ ತೋಟದ ರೈಟರ್, ಅಂದರೆ ಲೆಕ್ಕ, ಆಳುಕಾಳು ನೋಡಿಕೊಳ್ಳುವವರು, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮರದ ಬುಡದ ಕಾಫಿ ಎಲೆಗಳ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ. ಕೆಳಗೆ ಬೀಜಗಳ ರಾಶಿ. ತಲೆಯೆತ್ತಿ ನೋಡುತ್ತಿದ್ದೆ. ಸೀಳಿನಲ್ಲಿ ಕೊಕ್ಕು ಮರೆಯಾಗಿ ಪುಕ್ಕದ ತುದಿ ಕಂಡಿತು. "ಅಕ್ಕ, ಈಚೆ ಬನ್ನಿ!" ಅಂದರು ರೈಟರ್. ನಾನು ಜರುಗಿದೆ, ನಾನು ನಿಂತಿದ್ದ ಜಾಗಕ್ಕೇ ಪಿಚಕಾರಿ ಹೊಡೆದಂತೆ ಬಿತ್ತು! ಮೂರು ತಿಂಗಳು ಒಂದೇ ಕೋಣೆಯಲ್ಲಿ ಬಾಣಂತನ ಮಾಡಿದರೂ ಮನೆ ಚೊಕ್ಕಟ.

ಗಂಡು ಬಂದದ್ದು ಆಮೇಲೆ. ತೊಗಟೆಗೆ ಆತು ಕೂತು ಕತ್ತು ಕುಲುಕಿತು. ಗಂಟಲೊಳಗಿಂದ ಒಂದು ಬಸರಿ ಹಣ್ಣು ಕೊಕ್ಕಿನ ತುದಿಗೆ ಬಂತು. ಒಳಗಿನ ಕೊಕ್ಕು ಅದನ್ನು ಮೆಲ್ಲಗೆ ಇಸಿದುಕೊಂಡಿತು. ಮತ್ತೊಂದು. ಮತ್ತೊಂದು. ನಾನು ಎಣಿಸಿದ್ದು ಹತ್ತೊಂಬತ್ತು, ಆಮೇಲೆ ಲೆಕ್ಕ ತಪ್ಪಿತು. ನಮ್ಮ ಕಡೆ ಅತ್ತಿ, ಗೋಳಿ, ಬಸರಿ ಹಣ್ಣುಗಳೇ ಇವುಗಳ ದಿನಸಿ. ಮೊಟ್ಟೆಯೊಡೆದು ಮರಿ ಬಂದ ಮೇಲೆ ಹಲ್ಲಿ, ಹುಳ, ಮಿಡತೆಯೂ ಸೇರುತ್ತದೆ. ನೀರು ಬೇರೆ ತರಬೇಕಿಲ್ಲ, ಹಣ್ಣಿನ ರಸವೇ ಸಾಕು.

ಇಷ್ಟೆಲ್ಲ ಯಾಕೆ? ಹಾವು, ಮಂಗ, ಉಡ ಕೈ ಹಾಕಬಾರದು ಅನ್ನುವುದು ಒಂದು ಕಾರಣ. ಪೊಟರೆಗೆ ಹೊಂಚು ಹಾಕುವ ಬೇರೆ ಮಂಗಟ್ಟೆಗಳನ್ನು ತಡೆಯುವುದು ಇನ್ನೊಂದು. ಹೆಣ್ಣು ಬೇರೆಡೆ ಹೋಗದಿರಲಿ ಅಂತ ಗಂಡು ಕೂಡಿಹಾಕುತ್ತದೆ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ದಾಸ ಮಂಗಟ್ಟೆಯಲ್ಲಿ ತಾಯಿ ಮರಿಗಿಂತ ಮೊದಲೇ ಒಡೆದುಕೊಂಡು ಹೊರಬರುವುದುಂಟು. ಆಗ ಒಳಗುಳಿದ ಮರಿಯೇ ಸೀಳನ್ನು ಮತ್ತೆ ಮೆತ್ತಿಕೊಳ್ಳುತ್ತದೆ. ಆ ಪುಟ್ಟದಕ್ಕೆ ಯಾವ ಗಂಡನ ಕಾವಲು, ಹೇಳಿ?

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೆಣ್ಣಿಗೆ ಬಾಗಿಲು ಒಡೆಯಲು ಬರುತ್ತದೆ, ಕೊಕ್ಕೇ ಅದರ ಉಳಿ. ಒಳಗೆ ಕೂತ ಹೊಸದರಲ್ಲಿ ಗಂಡು ಇಲ್ಲವಾದರೆ ಗೂಡು ಬಿಟ್ಟು ಬರಬಹುದು. ಕಷ್ಟ ಇರುವುದು ಬೇರೆ ಕಡೆ. ಹಲವು ಜಾತಿಯ ಮಂಗಟ್ಟೆಗಳಲ್ಲಿ ಹೆಣ್ಣು ಒಳಗಿದ್ದಾಗಲೇ ರೆಕ್ಕೆ, ಬಾಲದ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ನಮ್ಮ ಬೂದು ಮಂಗಟ್ಟೆ ಮರಿಗಳ ಜೊತೆಗೇ ಹೊರಬರುವುದು. ಗರಿ ಅರ್ಧ ಬೆಳೆದಿರುವಾಗ ಬಾಗಿಲು ಒಡೆದರೂ ಹಾರುವುದೆಲ್ಲಿಗೆ? ಆ ಹೊತ್ತಿನಲ್ಲಿ ಗಂಡಿಗೆ ಯಾರಾದರೂ ಕೋವಿ ಹಿಡಿದರೆ ಮರಿಗಳ ಆಸೆ ಬಿಡಬೇಕು, ತಾಯಿ ಉಳಿಯುವುದೂ ಅನುಮಾನ. ಪಾತಿವ್ರತ್ಯಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಹೊಟ್ಟೆ ಮತ್ತು ಗರಿಯ ಲೆಕ್ಕ. ಈಶಾನ್ಯದ ಕಾಡಿನ ಕಂದು ಮಂಗಟ್ಟೆಗಳು ಈ ವಿಷಯದಲ್ಲಿ ಜಾಣ. ಅಲ್ಲಿ ಗುಂಪಿನ ಬೇರೆ ಹಕ್ಕಿಗಳೂ ಸೇರಿ ಊಟ ತರುತ್ತವೆ. ನಮ್ಮವು ಒಂಟಿ ಸಂಸಾರ.

ಮರಕುಟಿಗದ ಹಾಗೆ ಮಂಗಟ್ಟೆ ಮರ ಕೊರೆಯಲಾರದು. ಕೊಂಬೆ ಮುರಿದು, ಕೊಳೆತು, ತಾನಾಗೇ ಆದ ಪೊಟರೆ ಬೇಕು. ಅಂಥದ್ದು ಸಿಗುವುದು ಹಳೇ ಕಾಡುಮರದಲ್ಲಿ, ತೋಟದ ನೆರಳಿಗೆ ನೆಟ್ಟ ಸಿಲ್ವರ್ ಓಕ್‌ನಲ್ಲಿ ಅಲ್ಲ. ಸಿಕ್ಕಿದ ಪೊಟರೆಗೆ ವರ್ಷ ವರ್ಷವೂ ಬರುತ್ತವೆ. ಹಾಗಾಗಿ ಕೊಂಬೆ ಸವರುವ ಕಪಾತಿನವರಿಗೆ "ಟೊಳ್ಳು ಮರ, ಹೇಗೂ ಬೀಳುತ್ತೆ, ತೆಗೆದುಬಿಡಿ" ಅನ್ನುವ ಮೊದಲು ಒಮ್ಮೆ ಮೇಲೆ ನೋಡಿ. ಮಾವನ ರೈಟರ್ ಆ ತಾರೆ ಮರಕ್ಕೆ, ಕಡಿಯಬಾರದು ಅಂತ, ಕೆಂಪು ಬಣ್ಣದ ಗುರುತು ಹಾಕಿದ್ದಾರೆ.

ಇನ್ನು ನಿಮ್ಮ ಎರಡು ದಿನದ ಗಂಡು. ನೀವು ಎಲ್ಲಿ ನಿಂತು ಕಾಯುತ್ತಿದ್ದೀರಿ? ಮರದ ಬುಡದಲ್ಲೇ ಆದರೆ ಅದು ಬರುವುದು ಕಷ್ಟ. ಮನುಷ್ಯರು ಕಂಡರೆ ಗಂಡು ದೂರದ ಮರದಲ್ಲಿ ಬಾಯಿ ತುಂಬ ಹಣ್ಣಿಟ್ಟುಕೊಂಡು ಸುಮ್ನೆ ಕೂತಿರುತ್ತದೆ. ಅವತ್ತು ನಾವೂ ಬುಡದಲ್ಲಿ ಒಂದು ಗಂಟೆ ಕಾದೆವು. "ನಾವಿದ್ರೆ ಅದು ಬರಲ್ಲ ಅಕ್ಕ" ಅಂತ ರೈಟರ್ ಕಣದ ಕಡೆ ನಡೆದರು. ಕಾಫಿ ಗಿಡಗಳ ಮರೆಗೆ ಹೋಗಿ ಕೂತು ಇಪ್ಪತ್ತು ನಿಮಿಷ ಆಗಿರಲಿಲ್ಲ, ಬಂತು.